ಹೊರಗಿನ ಎಲ್ಇಡಿ ಪಟ್ಟಿ: ಕೊನೆಯಲ್ಲಿ ಬಿಳಿ ಬೆಳಕು ಕೆಂಪಾಗುತ್ತಿದ್ದರೆ

ವಿಜಯಪುರದ ನಮ್ಮ ಮನೆಯ ಮಾಳಿಗೆ ಅಂಚಿಗೆ 12 ವೋಲ್ಟಿನ ಬಣ್ಣದ ಎಲ್ಇಡಿ ಪಟ್ಟಿ, 15 ಮೀಟರ್. ಬಿಳಿ ಹಚ್ಚಿದರೆ ಕೊನೆಗೆ ಹೋಗುತ್ತ ಕೆಂಪು, ಮಂದ. ಪಟ್ಟಿ, ಕಂಟ್ರೋಲರ್ ಬದಲಿಸಿದೆ, ಹೆಚ್ಚು ಆಂಪಿಯರಿನ ಎಸ್ಎಂಪಿಎಸ್ (ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಪೆಟ್ಟಿಗೆ) ತಂದೆ, ಫರಕು ಬೀಳಲಿಲ್ಲ. ಪೂರ್ತಿ ಬಿಳಿ ಹಚ್ಚಿ ಮಲ್ಟಿಮೀಟರ್ ಹಿಡಿದರೆ ಕೊನೆಯಲ್ಲಿ ಬರೇ 8 ವೋಲ್ಟ್. ಪಟ್ಟಿಯೊಳಗಿನ ತೆಳು ತಾಮ್ರವೇ ವೋಲ್ಟೇಜ್ ನುಂಗುತ್ತಿತ್ತು.

ಮೊದಲು ಮೇನ್ ಆಫ್ ಮಾಡಿ. ಅದೇ ಎಸ್ಎಂಪಿಎಸ್‌ನಿಂದ 1.5 ಚದರ ಮಿ.ಮೀ. ತಾಮ್ರದ ಜೋಡಿ ತಂತಿ ಎಳೆದು 5, 10 ಮೀಟರಿಗೆ ಮತ್ತು ಕೊನೆಯ ತುದಿಗೆ ಬೆಸೆಯಿರಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಕಂಟ್ರೋಲರಿನಿಂದ ಬಣ್ಣದ ಸಂಕೇತ ತರುವ ಡೇಟಾ ತಂತಿ ಮಾತ್ರ ಮೊದಲ ತುದಿಯಲ್ಲೇ ಇರಲಿ. ಪ್ರತಿ ಪ್ಲಸ್ ತಂತಿಗೂ ಎಸ್ಎಂಪಿಎಸ್ ಬಳಿ 5 ಆಂಪಿಯರ್ ಫ್ಯೂಸ್, ಬೆಸುಗೆಗೆ ಅಂಟುಳ್ಳ ಹೀಟ್ ಶ್ರಿಂಕ್ (ಬಿಸಿ ತಾಗಿದರೆ ಬಿಗಿಯಾಗುವ ಕೊಳವೆ). ಈಗ ಕೊನೆಯಲ್ಲೂ 11 ವೋಲ್ಟ್ ದಾಟುತ್ತದೆ, ಬಿಳಿ ಬಿಳಿಯಾಗೇ ಇದೆ. ಎಸ್ಎಂಪಿಎಸ್ ಒಳಗೋಡೆಗೇ ಇರಲಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ.