ಎರಡು ರೂಟರ್, ಒಂದೇ ವಿಳಾಸ

ಬನಶಂಕರಿಯ ನಮ್ಮ ಮನೆಯಲ್ಲಿ ಮಹಡಿಗೆ ವೈಫೈ ಸಿಗುತ್ತಿರಲಿಲ್ಲ ಅಂತ, ಕೆಳಗಿನ ರೂಟರ್‌ನಿಂದ ಕೇಬಲ್ ಎಳೆದು ಹಳೇ ರೂಟರ್ ಒಂದನ್ನು ಮೇಲೆ ಜೋಡಿಸಿದೆ. ಸಿಗ್ನಲ್ ಏನೋ ಫುಲ್, ಆದರೆ ನೆಟ್ ಬಂದು ಬಂದು ಹೋಗುತ್ತಿತ್ತು. ಮಗಳ ಆನ್‌ಲೈನ್ ಕ್ಲಾಸ್ ಮೂರು ಸಲ ನಿಂತಿತು, ಪಾಪ.

ರೂಟರ್ ಸೆಟ್ಟಿಂಗ್ ನೋಡೋಣ ಅಂತ ಬ್ರೌಸರ್‌ನಲ್ಲಿ 192.168.1.1 ಅಂತ ಹಾಕಿದರೆ ಒಮ್ಮೆ ಕೆಳಗಿನ ರೂಟರ್ ಪುಟ, ಇನ್ನೊಮ್ಮೆ ಹಳೇದರ ಪುಟ! ಎರಡಕ್ಕೂ ಒಂದೇ ಐಪಿ ವಿಳಾಸ. ಒಂದೇ ಬೀದಿಯ ಎರಡು ಮನೆಗೆ ಒಂದೇ ನಂಬರ್ ಇದ್ದರೆ ಪೋಸ್ಟ್‌ಮ್ಯಾನ್ ಏನು ಮಾಡಬೇಕು, ಅಲ್ವಾ? ಸಾಲದ್ದಕ್ಕೆ ಎರಡರಲ್ಲೂ ಡಿಎಚ್‌ಸಿಪಿ ಆನ್ ಇತ್ತು, ಅಂದರೆ ಫೋನು, ಲ್ಯಾಪ್‌ಟಾಪಿಗೆ ವಿಳಾಸ ಹಂಚುವ ಕೆಲಸ.

ಹಳೇದರ ವಿಳಾಸ 192.168.1.2 ಮಾಡಿ, ಅದರ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ಲ್ಯಾನ್ ಪೋರ್ಟಿನಲ್ಲೇ (ಮನೆಯೊಳಗಿನ ಸಾಧನಗಳನ್ನು ಜೋಡಿಸುವ ಕಿಂಡಿ) ಬಿಟ್ಟೆ. ಈಗ ವಿಳಾಸ ಹಂಚುವುದು ಕೆಳಗಿನ ರೂಟರ್ ಮಾತ್ರ. ಎರಡು ವಾರದಿಂದ ಒಮ್ಮೆಯೂ ನೆಟ್ ಹೋಗಿಲ್ಲ.