ಚೆಂಡೆ ಬಡಿದ ಕೂಡ್ಲೆ ಭಾಗವತರು ಎಲ್ಲಿಗೆ ಹೋಗುದು? – ಎಫ್‌ಎಂ ಪ್ರೊಸೆಸರ್ ಸರಿ ಮಾಡಿದ ನನ್ನ ಅನುಭವ

ನಾನು ಉಡುಪಿ ಹತ್ತಿರದ ಒಂದು ಸಮುದಾಯ ರೇಡಿಯೋದಲ್ಲಿ ಟೆಕ್ನಿಕಲ್ ಕೆಲಸ ನೋಡಿಕೊಳ್ಳುದು. 50 ವಾಟಿನ ಟ್ರಾನ್ಸ್‌ಮಿಟರ್, ಒಂದು ಸಣ್ಣ ಟವರ್, ಶೀಟ್ ಹಾಕಿದ ಸ್ಟುಡಿಯೋ, ಅಷ್ಟೇ. ಕಳೆದ ವರ್ಷ ಸೆಕೆಂಡ್ ಹ್ಯಾಂಡಲ್ಲಿ ಒಂದು ಐದು ಬ್ಯಾಂಡಿನ ಆಡಿಯೋ ಪ್ರೊಸೆಸರ್ ಸಿಕ್ಕಿತು, ಅಂದ್ರೆ ಸದ್ದನ್ನು ಫ್ರೀಕ್ವೆನ್ಸಿ ನೋಡಿ ಐದು ಭಾಗ ಮಾಡಿ, ಮಟ್ಟ ಸರಿ ಮಾಡಿ ಟ್ರಾನ್ಸ್‌ಮಿಟರ್‌ಗೆ ಕಳಿಸುವ ಪೆಟ್ಟಿಗೆ. ಹಾಕಿದ ದಿನ ಎಲ್ಲರಿಗೂ ಖುಷಿಯೋ ಖುಷಿ, ಯಾಕಂದ್ರೆ ಟ್ಯೂನ್ ಮಾಡ್ತಾ ಹೋದ್ರೆ ದೊಡ್ಡ ಸ್ಟೇಷನ್‌ಗಳ ಪಕ್ಕ ನಮ್ಮದೂ ಅಷ್ಟೇ ಜೋರು ಕೇಳ್ತಿತ್ತು. ಎರಡನೇ ಆದಿತ್ಯವಾರ ತೆಂಕುತಿಟ್ಟು ಯಕ್ಷಗಾನದ ಒಂದು ರೆಕಾರ್ಡಿಂಗ್ ಹಾಕಿದೆವು, ಅದು ಮುಗಿಯುವ ಮೊದಲೇ ಬೀಡಿ ಕಟ್ಟುವ ಒಬ್ಬರು ಅಕ್ಕ ಫೋನ್ ಮಾಡಿದ್ರು: "ಮಾರಾಯ್ರೆ, ಚೆಂಡೆ ಬಡಿದ ಕೂಡ್ಲೆ ಭಾಗವತರು ಎಲ್ಲಿಗೆ ಹೋಗುದು? ಪದ ಒಂದೂ ಅರ್ಥ ಆಗುದಿಲ್ಲ, ಚಕ್ರತಾಳ ಮಾತ್ರ ಕಿವಿಗೆ ಚುಚ್ಚುದು."

ಸ್ಟುಡಿಯೋದ ಹೆಡ್‌ಫೋನಲ್ಲಿ ಕೇಳಿದ್ರೆ ಎಂತ ತೊಂದರೆಯೂ ಇಲ್ಲ. ಇರ್ಲಿಕ್ಕೆ ಸಾಧ್ಯವೂ ಇಲ್ಲ, ಅದು ಪ್ರೊಸೆಸರ್‌ಗಿಂತ ಮೊದಲಿನ ಸೌಂಡ್. ಹಾಗಾಗಿ ಹೊರಗೆ ಚಾವಡಿಯಲ್ಲಿ ಕೂತು ಒಂದು ಹಳೆ ಅಡುಗೆಮನೆ ರೇಡಿಯೋದಲ್ಲಿ ಕೇಳಿದೆ, ಅಕ್ಕ ಹೇಳಿದ್ದು ಒಂದಕ್ಷರ ಸುಳ್ಳಲ್ಲ.

ಮೊದಲು ಚಕ್ರತಾಳದ, ಅಂದ್ರೆ ಆ ದೊಡ್ಡ ತಾಳದ ವಿಷಯ. ಎಫ್‌ಎಂನಲ್ಲಿ ಕಳಿಸುವಾಗ ಹೈ ಫ್ರೀಕ್ವೆನ್ಸಿಯನ್ನು ಎತ್ತಿ ಕಳಿಸುದು, ಮನೆಯ ರೇಡಿಯೋ ಅದನ್ನು ಅಷ್ಟೇ ಇಳಿಸುದು, ಇಳಿಸುವಾಗ ಅದರ ಜೊತೆ ಹಿಸ್ (ಸುಯ್ ಅನ್ನುವ ಸದ್ದು) ಕೂಡ ಇಳಿತದೆ, ಹಾಗೆ ಎತ್ತಿ ಕಳಿಸುದಕ್ಕೆ ಪ್ರಿ-ಎಂಫಸಿಸ್ ಅಂತಾರೆ. ನಮ್ಮ ದೇಶದಲ್ಲಿ ಇದು 50 ಮೈಕ್ರೋಸೆಕೆಂಡ್, ಅಮೆರಿಕದಲ್ಲಿ 75. ನಮ್ಮ ಪ್ರೊಸೆಸರ್ 75ರಲ್ಲೇ ಕೂತಿತ್ತು, ಹಿಂದಿನವರು ಬದಲಾಯಿಸಿರ್ಲಿಲ್ಲ, ನಾನೂ ಆ ಮೆನು ತೆರೆದು ನೋಡಿರ್ಲಿಲ್ಲ. 50ರಲ್ಲೇ 15 ಕಿಲೋಹರ್ಟ್ಸ್ ಹತ್ತಿರ ಸುಮಾರು 13.7 ಡೆಸಿಬೆಲ್ (ಡಿಬಿ) ಎತ್ತುದು, 75 ಆದ್ರೆ 17 ಡಿಬಿ. ಚಕ್ರತಾಳದ ಜೀವ ಇರುದೇ ಮೇಲಿನ ಫ್ರೀಕ್ವೆನ್ಸಿಯಲ್ಲಿ, ಅದನ್ನು ಅಷ್ಟು ಎತ್ತಿದ್ರೆ ಮಿತಿ ಮೀರಿದ ಸದ್ದನ್ನು ತಡೆಯುವ ಕ್ಲಿಪ್ಪರ್ ಅದರ ತಲೆ ಕತ್ತರಿಸ್ತದೆ, ಆಗ ಝಣ್ ಅನ್ನುವ ಬದಲು ಚರ್ರ್ ಅಂತದೆ. ಉದ್ಘೋಷಕರ "ಸ" "ಶ" ಕೂಡ ಒಡೀತಿತ್ತು, ನಾನು ಮೈಕಿನ ತಪ್ಪು ಅಂತ ತಿಳ್ಕೊಂಡಿದ್ದೆ. 50 ಮಾಡಿದೆ, ಅರ್ಧ ತೊಂದರೆ ಅಲ್ಲೇ ಹೋಯ್ತು. ಎಡ-ಬಲ ಆಡಿಯೋವನ್ನೇ ಟ್ರಾನ್ಸ್‌ಮಿಟರ್‌ಗೆ ಕೊಡುವವರು ಇನ್ನೊಂದು ನೋಡ್ಬೇಕು, ಅಲ್ಲಿಯೂ ಪ್ರಿ-ಎಂಫಸಿಸ್ ಆನ್ ಇದ್ರೆ ಎರಡೆರಡು ಸಲ ಆಗ್ತದೆ. ಒಂದು ಕಡೆ ಮಾತ್ರ ಇರ್ಬೇಕು.

ಚೆಂಡೆ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಒಂದು ವಾರ ರಾತ್ರಿ ಪ್ರಸಾರ ಮುಗಿದ ಮೇಲೆ ಒಂದೇ ಪದ್ಯದ ನಾಲ್ಕು ನಿಮಿಷ ತಿರುಗಿಸಿ ತಿರುಗಿಸಿ ಹಾಕಿ ಮೀಟರ್ ನೋಡ್ತಾ ಕೂತೆ. ಚೆಂಡೆಯ ಪ್ರತಿ ಪೆಟ್ಟಿಗೆ ಎಜಿಸಿ (ಸದ್ದಿನ ಮಟ್ಟವನ್ನು ತಾನಾಗಿ ಏರಿಸಿ ಇಳಿಸುವ ಭಾಗ) ಹತ್ತು ಡಿಬಿ ಕೆಳಗೆ ಬೀಳ್ತದೆ, ಭಾಗವತರ ಸ್ವರವನ್ನೂ ಎಳ್ಕೊಂಡು ಹೋಗ್ತದೆ, ಪೆಟ್ಟು ನಿಂತ ಕೂಡ್ಲೆ ರಿಲೀಸ್ (ಇಳಿಸಿದ್ದನ್ನು ಮತ್ತೆ ಎತ್ತುವ ವೇಗ) ಫಾಸ್ಟ್ ಇದ್ದದ್ದರಿಂದ ಶ್ರುತಿ ಧೊಪ್ಪಂತ ಮೇಲೆ ಬರ್ತದೆ. ಐದು ಬ್ಯಾಂಡ್ ಉಂಟಲ್ಲ, ಚೆಂಡೆ ಒಂದರಲ್ಲಿ ಸ್ವರ ಇನ್ನೊಂದರಲ್ಲಿ ಹೋಗ್ಲಿಕ್ಕೆ ಎಂತ ಅಂತ ನನಗೂ ಅನ್ನಿಸಿತ್ತು. ಆದ್ರೆ ಏರು ಶ್ರುತಿಯಲ್ಲಿ ಹಾಡುವ ಭಾಗವತರ ಸ್ವರವೂ ಚೆಂಡೆಯ ಪೆಟ್ಟೂ ಹೆಚ್ಚು ಕಮ್ಮಿ ಅದೇ ನಡುವಿನ ಬ್ಯಾಂಡಲ್ಲಿ ಕೂರುದು, ಅಲ್ಲಿ ಯಾವ ಪ್ರೊಸೆಸರೂ ಅವರನ್ನು ಬೇರೆ ಮಾಡುದಿಲ್ಲ. ಹಾಗಾಗಿ ಜೋರು ಬೇಕು ಅನ್ನುವ ಆಸೆಯನ್ನೇ ಬಿಡ್ಬೇಕಾಯ್ತು. ಎಜಿಸಿಯ ಅಟ್ಯಾಕ್ (ಇಳಿಸುವ ವೇಗ), ರಿಲೀಸ್ ಎರಡೂ ಸ್ಲೋ ಮಾಡಿದೆ, ಒಂದು ಪೆಟ್ಟಿಗೆ ಅದು ಅಲ್ಲಾಡಬಾರ್ದು, ಆ ಪೆಟ್ಟನ್ನು ಕೊನೆಯ ಲಿಮಿಟರ್ ಹಿಡಿಯಲಿ ಅಂತ. ಮಲ್ಟಿಬ್ಯಾಂಡ್ ಡ್ರೈವ್ (ಐದು ಬ್ಯಾಂಡಿಗೆ ಸದ್ದನ್ನು ಎಷ್ಟು ಜೋರು ತಳ್ಳುದು ಅಂತ) ಇಳಿಸಿ ಇಳಿಸಿ ಮೀಟರಲ್ಲಿ 12 ಡಿಬಿ ಬೀಳ್ತಿದ್ದದ್ದನ್ನು ಐದಾರಕ್ಕೆ ತಂದೆ. ಕ್ಲಿಪ್ಪರ್ ಒಂದೂವರೆ ಡಿಬಿ ಕಮ್ಮಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್, ಪುಸ್ತಕದಲ್ಲಿ ತಾರೀಕು ಹಾಕಿ ಬರೆದು.

ಇದರಲ್ಲಿ ಕಿವಿ ಮೋಸ ಮಾಡುದು ಜಾಸ್ತಿ. ಹಳೇದು ಹೊಸತು ಬದಲಿಸಿ ಕೇಳುವಾಗ ಎರಡರ ವಾಲ್ಯೂಮ್ ಸಮ ಮಾಡದಿದ್ರೆ ಯಾವುದು ಜೋರೋ ಅದೇ ಚಂದ ಅನ್ನಿಸ್ತದೆ. ಅರ್ಧ ನಿಮಿಷ ಕೇಳಿ ಸಾಲುದಿಲ್ಲ, ಅರ್ಧ ಗಂಟೆ ಕೇಳ್ಬೇಕು, ತಲೆ ನೋವು ಬರ್ತದಾ ಅಂತ ನೋಡ್ಬೇಕು.

ಮತ್ತೆ ಮಳೆಗಾಲ ಬಂತು, ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ಶುರುವಾಯ್ತು. ನಮ್ಮ ಸ್ಟುಡಿಯೋದಲ್ಲೇ ಲೈವ್. ಅರ್ಥಧಾರಿಗಳು ಒಂದು ಮಾತು ಹೇಳಿ ನಿಲ್ಲಿಸ್ತಾರೆ, ಆ ನಿಲ್ಲಿಸುದರಲ್ಲೇ ಅರ್ಥ ಇರುದು, ಆದ್ರೆ ನಮ್ಮಲ್ಲಿ ಆ ಎರಡು ಸೆಕೆಂಡಲ್ಲಿ ಶೀಟಿನ ಮೇಲಿನ ಮಳೆ ಎದ್ದು ಬರ್ತಿತ್ತು. ಮಾತು ನಿಂತ ಕೂಡ್ಲೆ ಎಜಿಸಿ ಸದ್ದು ಕಮ್ಮಿಯಾಯ್ತು ಅಂತ ಗೇನ್ ಎತ್ತುದು. ಇದಕ್ಕೆ ಗೇಟ್ ಇರುದು, ಅದರ ಮಟ್ಟಕ್ಕಿಂತ ಕೆಳಗೆ ಹೋದ್ರೆ ಗೇನ್ ಎಲ್ಲಿದೆಯೋ ಅಲ್ಲೇ ನಿಲ್ತದೆ. ನಮ್ಮ ಗೇಟ್ ಮೈನಸ್ 40 ಡಿಬಿಯಲ್ಲಿ ಇತ್ತು, ಮಳೆ ಅದಕ್ಕಿಂತ ಜೋರು! ಮೈನಸ್ 28ಕ್ಕೆ ತಂದೆ, ಮಳೆ ಮಳೆಯ ಜಾಗದಲ್ಲೇ ಉಳೀತು. ಇನ್ನೂ ಏರಿಸಿದ್ರೆ ಮೆಲ್ಲ ಮಾತಾಡುವವರ ಸ್ವರ ಮೇಲೆ ಬರುದಿಲ್ಲ, ಹಾಗಾಗಿ ಅಲ್ಲಿಗೆ ಸಾಕು ಮಾಡಿದೆ.

ಸ್ಟೀರಿಯೋ ಕೂಡ ಆಫ್ ಮಾಡಿದೆ, ಸ್ಟೀರಿಯೋ ಉಂಟು ಅಂತ ರೇಡಿಯೋಗೆ ಹೇಳುವ 19 ಕಿಲೋಹರ್ಟ್ಸ್ ಪೈಲಟ್ ಇಲ್ಲ ಈಗ. ಗುಡ್ಡ ತಗ್ಗು ಇರುವ ಊರು, 50 ವಾಟಲ್ಲಿ ಸ್ಟೀರಿಯೋ ಕಳಿಸಿದ್ರೆ ಅಂಚಿನಲ್ಲಿ ಇರುವವರಿಗೆ ಬರೀ ಹಿಸ್. ಮೋನೋದಲ್ಲಿ ಸುಮಾರು 20 ಡಿಬಿ ಲಾಭ ಉಂಟು, ನಮ್ಮಲ್ಲಿ ಮಾತೇ ಹೆಚ್ಚು, ಯಾರೂ ಕೇಳ್ಲಿಲ್ಲ ಸ್ಟೀರಿಯೋ ಎಲ್ಲಿ ಅಂತ.

ಒಂದು ವಿಷಯಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಜನ ಪ್ರೀತಿಯಿಂದ ವಾಟ್ಸಾಪಲ್ಲಿ ಯಕ್ಷಗಾನ ಆಟದ ರೆಕಾರ್ಡಿಂಗ್ ಕಳಿಸ್ತಾರೆ, ಮೊಬೈಲಲ್ಲೇ ಚೆಂಡೆ ಒಡೆದಿರ್ತದೆ, ಮೇಲೆ ಕಂಪ್ರೆಸ್ ಆಗಿ ನೀರೊಳಗೆ ಮಾತಾಡಿದ ಹಾಗೆ ಗುಳುಗುಳು. ಪ್ರೊಸೆಸರ್ ಅದನ್ನು ಮುಚ್ಚುದಿಲ್ಲ, ಎತ್ತಿ ತೋರಿಸ್ತದೆ. ಈಗ ಕೈಮುಗಿದು ಹೇಳುದು, ಪೆನ್‌ಡ್ರೈವಲ್ಲಿ ಒರಿಜಿನಲ್ ಫೈಲ್ ತನ್ನಿ ಅಂತ.

ಹೊಸ ಸೆಟ್ಟಿಂಗ್ ಹಾಕಿ ರಿಕ್ಷಾದಲ್ಲಿ ಕೇಳಿದೆ, ಮಲ್ಪೆ ಬಂದರಿನಲ್ಲಿ ಒಬ್ಬರ ಮೊಬೈಲಿಗೆ ಇಯರ್‌ಫೋನ್ ಚುಚ್ಚಿ ಕೇಳಿದೆ, ಆಮೇಲೆ ಆ ಅಕ್ಕನಿಗೇ ಫೋನ್ ಮಾಡಿ ಆದಿತ್ಯವಾರ ಕೇಳಿ ಹೇಳಿ ಅಂದೆ. ಅದೇ ರೆಕಾರ್ಡಿಂಗ್ ಮತ್ತೆ ಹಾಕಿದೆವು. "ಸ್ವಲ್ಪ ಮೆಲ್ಲ ಆಗಿದೆ ಅಲ್ವಾ?" ಅಂತ ಕೇಳಿದ್ರು. ಹೌದು ಅಕ್ಕ ಅಂದೆ. "ಅಡ್ಡಿಲ್ಲ, ನಾನು ರೇಡಿಯೋ ಜೋರು ಮಾಡ್ಕೊಂಡೆ, ಪದ ಪೂರಾ ಸಿಕ್ಕಿತು" ಅಂದ್ರು.