ಟ್ರಾಲಿಯ ಐದು ಪುಸ್ತಕಗಳಿಂದ ಎಂ.ಲಿಬ್.: ನನ್ನ ಅನುಭವ

ಕೆಲಸದಲ್ಲಿದ್ದುಕೊಂಡೇ ಎಂ.ಲಿಬ್. (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಮಾಡುತ್ತೇನೆ, ಗೈಡುಗಳನ್ನು ಬದಿಗಿಟ್ಟು ನಮ್ಮ ಕಾಲೇಜಿನ ಕಪಾಟುಗಳನ್ನೇ ಪಠ್ಯವಾಗಿಸಿಕೊಳ್ಳುತ್ತೇನೆ, ವಿಷಯವನ್ನು ಕನ್ನಡದಲ್ಲಿ ಅರಗಿಸಿಕೊಂಡ ಮೇಲಷ್ಟೇ ಇಂಗ್ಲಿಷಿನಲ್ಲಿ ಬರೆಯುತ್ತೇನೆ ಎಂದು ನಾನು ಹೇಳಿದಾಗ ಜೊತೆಯ ಗ್ರಂಥಾಲಯ ಸಿಬ್ಬಂದಿಯಲ್ಲಿ ಒಬ್ಬರೂ ಒಪ್ಪಲಿಲ್ಲ. ಮೊದಲ ಸೆಮಿಸ್ಟರಿನಲ್ಲಿ ವರ್ಗೀಕರಣದ (ಪುಸ್ತಕಕ್ಕೆ ಅದರ ವಿಷಯದ ಸಂಖ್ಯೆ ಕೊಡುವುದರ) ಪ್ರಾಯೋಗಿಕ ಪರೀಕ್ಷೆಯಲ್ಲಿ ನಾನು ಅನುತ್ತೀರ್ಣಳಾದಾಗ ಅವರ ಮಾತೇ ನಿಜವೆಂದು ಮನೆಯವರಿಗೂ ಅನಿಸಿತ್ತು. ಕಳೆದ ವರ್ಷ ಕೊನೆಯ ಅಂಕಪಟ್ಟಿ ಬಂತು, ಒಟ್ಟು 68 ಶೇಕಡಾದ ಆಸುಪಾಸು. ಅನುತ್ತೀರ್ಣಳಾಗಿದ್ದ ಅದೇ ಪ್ರಾಯೋಗಿಕ ಪತ್ರಿಕೆಯಲ್ಲಿ ಮರುಪರೀಕ್ಷೆಗೆ ನನಗೆ ಬಂದ ಅಂಕಕ್ಕಿಂತ ಹೆಚ್ಚು ಪಡೆದವರು ನಮ್ಮ ಅಧ್ಯಯನ ಕೇಂದ್ರದಲ್ಲಿ ನನಗೆ ಸಿಗಲಿಲ್ಲ. ಆಗ ಬೇಡವೆಂದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ಗ್ರಂಥಾಲಯ ಸಹಾಯಕಿ. ಬಿ.ಎ. ಮತ್ತು ಒಂದು ಸರ್ಟಿಫಿಕೇಟ್ ಕೋರ್ಸಿನ ಮೇಲೆ ಕೆಲಸಕ್ಕೆ ಸೇರಿದವಳು. ಕಾಲೇಜು ಗ್ರಂಥಪಾಲಕರ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ 55 ಶೇಕಡಾ ಅಂಕ, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಬೇಕೆಂಬುದು ನಿಮಗೆಲ್ಲ ಗೊತ್ತೇ ಇದೆ. ನನಗಿಂತ ಹತ್ತು ವರ್ಷ ಚಿಕ್ಕವರು ಬಂದು ಅದೇ ಮೇಜಿನ ಆಚೆಗೆ ಗ್ರಂಥಪಾಲಕರಾಗಿ ಕುಳಿತಾಗ, ಅವರಿಗೆ ಪರಿಗ್ರಹಣ ವಹಿ (ಬಂದ ಪುಸ್ತಕಗಳನ್ನು ದಾಖಲಿಸುವ ಪುಸ್ತಕ) ಬರೆಯುವ ಕ್ರಮವನ್ನು ನಾನೇ ತೋರಿಸಿಕೊಡಬೇಕಾಗಿ ಬಂದಾಗ, ದೂರಶಿಕ್ಷಣದಲ್ಲಿ ಎರಡು ವರ್ಷದ ಕೋರ್ಸಿಗೆ ಅರ್ಜಿ ಹಾಕಿದೆ. ಆಗ ನನಗೆ ಮೂವತ್ತೆಂಟು.

ಮೊದಲು ಹಣ ಕಳೆದುಕೊಂಡ ಕಥೆಯನ್ನು ಹೇಳಿಬಿಡುತ್ತೇನೆ. ಎರಡು ವರ್ಷದ ಶುಲ್ಕ ಸುಮಾರು 44,000 ರೂಪಾಯಿ ಆಯಿತು, ಅದನ್ನು ನಷ್ಟವೆಂದು ನಾನು ಲೆಕ್ಕ ಹಾಕುವುದಿಲ್ಲ. ನಷ್ಟವಾದದ್ದು ವಾರಾಂತ್ಯದ ತರಬೇತಿಗೆ ಕಟ್ಟಿದ 9,000 ರೂಪಾಯಿ. ಅಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರವನ್ನು ಓದಿ ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ವರ್ಗೀಕರಣದ ಸಂಪುಟಗಳನ್ನು ಆ ಕೋಣೆಯಲ್ಲಿ ನಾನು ಒಂದು ದಿನವೂ ಕಾಣಲಿಲ್ಲ. ಗೈಡುಗಳಿಗೆ ಕೊಟ್ಟ 2,800 ರೂಪಾಯಿಯೂ ಹಾಗೆಯೇ ಹೋಯಿತು. ಆ ಗೈಡುಗಳ ಮಾದರಿ ಶೀರ್ಷಿಕೆಗಳು ಉತ್ತರ ಮೊದಲೇ ಇಟ್ಟುಕೊಂಡು ಕಟ್ಟಿದಂಥವು, ನಮ್ಮ ಕಪಾಟಿಗೆ ಬರುವ ನಿಜವಾದ ಪುಸ್ತಕಗಳಂತೆ ಎರಡು ವಿಷಯಗಳ ನಡುವೆ ಕಾಲು ಚಾಚಿ ಕುಳಿತಿರುವುದಿಲ್ಲ. ಇಷ್ಟು ಖರ್ಚು ಮಾಡಿಯೂ ಮೊದಲ ಸೆಮಿಸ್ಟರಿನಲ್ಲಿ ಸಿದ್ಧಾಂತದ ಪತ್ರಿಕೆಗಳಲ್ಲಿ ನಲವತ್ತರ ಆಸುಪಾಸಿನಲ್ಲಿ ಪಾರಾದೆ, ಪ್ರಾಯೋಗಿಕದಲ್ಲಿ ಬಿದ್ದೆ.

ಬಿದ್ದದ್ದು ಎಲ್ಲಿ ಎಂದು ಹುಡುಕಿದಾಗ ತಿಳಿದ ಸಂಗತಿ ನನ್ನನ್ನು ಹಲವು ದಿನ ಕಾಡಿತು. ನಮ್ಮ ಕಾಲೇಜಿನಲ್ಲಿದ್ದುದು ವಿಷಯಗಳಿಗೆ ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ವರ್ಗೀಕರಣದ 19ನೇ ಆವೃತ್ತಿ, ಮೂರು ಸಂಪುಟ. ನಾನು ಅಭ್ಯಾಸ ಮಾಡಿದ್ದು ಅದರಲ್ಲೇ. ಪರೀಕ್ಷೆಯಲ್ಲಿ ಮೇಜಿನ ಮೇಲೆ ಇಟ್ಟದ್ದು 23ನೇ ಆವೃತ್ತಿಯ ನಾಲ್ಕು ಸಂಪುಟ. ಕಂಪ್ಯೂಟರ್ ವಿಷಯ 19ನೇ ಆವೃತ್ತಿಯಲ್ಲಿ 001.6ರಲ್ಲಿದೆ, ಆ ಬಳಿಕ ಅದು 004ರಿಂದ 006ರವರೆಗಿನ ಜಾಗಕ್ಕೆ ಬಂದಿದೆ. ಕೈ ಅಭ್ಯಾಸಬಲದಿಂದ 001.6 ಬರೆಯಿತು, ಸಂಪುಟ ತೆರೆದು ನೋಡುವ ವ್ಯವಧಾನವೇ ಬರಲಿಲ್ಲ. ಆದ್ದರಿಂದ ಈ ಪತ್ರಿಕೆ ತೆಗೆದುಕೊಳ್ಳುವವರು ನಿಮ್ಮ ಕೇಂದ್ರದಲ್ಲಿ ಯಾವ ಆವೃತ್ತಿ ಕೊಡುತ್ತಾರೆಂದು ಪ್ರವೇಶದ ದಿನವೇ ಕೇಳಿಕೊಳ್ಳಿ.

ಅಲ್ಲಿಂದ ನನ್ನ ಕ್ರಮ ಶುರುವಾಯಿತು. ಸಂಜೆ ನಾಲ್ಕೂವರೆಗೆ ಹಿಂದಿರುಗಿಸಿದ ಪುಸ್ತಕಗಳು ಟ್ರಾಲಿ ತುಂಬುತ್ತವೆ. ಅವುಗಳನ್ನು ಕಪಾಟಿಗೆ ಕಳಿಸುವ ಮೊದಲು ಕಣ್ಣು ಮುಚ್ಚಿ ಐದನ್ನು ಎತ್ತಿಕೊಳ್ಳುತ್ತಿದ್ದೆ. ನಮ್ಮ ಅಟೆಂಡರ್ ಅಣ್ಣ ಪುಸ್ತಕದ ಬೆನ್ನಿನ ಮೇಲಿನ ಕರೆಸಂಖ್ಯೆಯ (ಕಪಾಟಿನಲ್ಲಿ ಜಾಗ ತಿಳಿಸುವ ಸಂಖ್ಯೆಯ) ಚೀಟಿಗೆ ಕಾಗದದ ಪಟ್ಟಿ ಸುತ್ತಿ ಕೊಡುತ್ತಿದ್ದರು. ಉದ್ದ ಲೆಡ್ಜರಿನ ಎಡಪುಟದಲ್ಲಿ ಡ್ಯೂಯಿಯಲ್ಲಿ ಒಂದು, ಇನ್ನೊಂದು ವರ್ಗೀಕರಣ ಪದ್ಧತಿಯಾದ ಕೋಲನ್‌ನಲ್ಲಿ ಒಂದು ಸಂಖ್ಯೆಯನ್ನು ನಾನೇ ಕಟ್ಟುತ್ತಿದ್ದೆ. ಬಳಿಕ ಪಟ್ಟಿ ತೆಗೆದು, ಬೇಕಾದಾಗ ಬೇರೆ ಗ್ರಂಥಾಲಯಗಳ ಆನ್‌ಲೈನ್ ಸೂಚಿಗಳನ್ನೂ ನೋಡಿ, ಸರಿಯಾದದ್ದನ್ನು ಬಲಪುಟದಲ್ಲಿ ಬರೆಯುತ್ತಿದ್ದೆ. ತಪ್ಪಿದ್ದರೆ ತಪ್ಪಿನ ಕಾರಣವನ್ನು ಕೆಂಪು ಶಾಯಿಯಲ್ಲಿ ಕನ್ನಡದ ಒಂದೇ ವಾಕ್ಯದಲ್ಲಿ ಬರೆಯಲೇಬೇಕೆಂಬುದು ನನ್ನ ಕಟ್ಟಳೆ. ಕಾರಣ ಬರೆಯಲಾಗದಿದ್ದರೆ ಆ ಪುಸ್ತಕ ಮರುದಿನ ಮತ್ತೆ ಮೇಜಿಗೆ ಬರುತ್ತಿತ್ತು.

ಮೊದಲ ತಿಂಗಳಲ್ಲಿ ಐದರಲ್ಲಿ ಮೂರು ತಪ್ಪುತ್ತಿದ್ದವು. ರಾಗಿಯ ಬೆಂಕಿರೋಗದ ಕುರಿತ ಒಂದು ಪುಸ್ತಕವನ್ನು ಸಸ್ಯರೋಗದ 632ಕ್ಕೆ ಕಳಿಸಿದ್ದೆ, ಅದು ಬೆಳೆಯ ಜೊತೆ 633ರಲ್ಲಿ ನಿಲ್ಲಬೇಕಿತ್ತು. ‘ರೋಗ ಬೆಳೆಯ ಹಿಂದೆ ಹೋಗುತ್ತದೆ, ಬೆಳೆ ರೋಗದ ಹಿಂದೆ ಹೋಗುವುದಿಲ್ಲ’ ಎಂದು ಅಂದು ಬರೆದ ಕೆಂಪು ವಾಕ್ಯ ಪರೀಕ್ಷೆಯಲ್ಲಿ ನನಗೆ ಕನಿಷ್ಠ ಎರಡು ಶೀರ್ಷಿಕೆಗಳನ್ನು ಉಳಿಸಿಕೊಟ್ಟಿತು. ಹದಿನಾಲ್ಕು ತಿಂಗಳಲ್ಲಿ ರಜೆಗಳನ್ನು ಕಳೆದು ಸುಮಾರು 1,500 ಪುಸ್ತಕಗಳಾದವು. ಕೊನೆಕೊನೆಗೆ ಹತ್ತರಲ್ಲಿ ಒಂದು ತಪ್ಪುತ್ತಿತ್ತು, ಅದೂ ಹೆಚ್ಚಾಗಿ ಕಾನೂನಿನ ಪುಸ್ತಕಗಳಲ್ಲಿ.

ಕೋಲನ್ ಈಗ ಯಾರಿಗೆ ಬೇಕು, ಬರಿಯ ಇತಿಹಾಸವಾಗಿ ಓದಿ ಮುಗಿಸಿ ಎಂದು ಹಲವರು ಹೇಳಿದ್ದರು. ನನಗೆ ಅದನ್ನು ಬಿಡಲಾಗಲಿಲ್ಲ. 1933ರಲ್ಲಿ ಅದನ್ನು ಹೊರತಂದ ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಅವರು 1962ರಲ್ಲಿ ಆರಂಭಿಸಿದ ಗ್ರಂಥಾಲಯ ವಿಜ್ಞಾನದ ಸಂಸ್ಥೆ ಡಿಆರ್‌ಟಿಸಿ ಇರುವ ಮೈಸೂರು ರಸ್ತೆಯ ಮೇಲೆಯೇ ನಾನು ದಿನವೂ ಕೆಂಗೇರಿಯಿಂದ ಮೆಟ್ರೊದಲ್ಲಿ ಹೋಗಿಬರುವುದು. ನಮ್ಮ ಕನ್ನಡ ಕಪಾಟಿನ ಮುಂದೆ ಕೋಲನ್ ಇಟ್ಟು ನೋಡಿದಾಗ ಅದರ ಸೊಗಸು ಗೊತ್ತಾಗುತ್ತದೆ. ಡ್ಯೂಯಿಯಲ್ಲಿ ಕನ್ನಡ ಕಾವ್ಯವೆಂದರೆ 894.8141, ಎಲ್ಲ ಕವಿಗಳೂ ಆ ಒಂದೇ ಬಾಗಿಲಿನಿಂದ ಒಳಗೆ ಹೋಗಬೇಕು. ಕೋಲನ್‌ನಲ್ಲಿ ಸಾಹಿತ್ಯಕ್ಕೆ ‘ಓ’, ಕನ್ನಡಕ್ಕೆ 33, ಅಲ್ಪವಿರಾಮ, ಕಾವ್ಯಕ್ಕೆ 1, ಅದರ ಮುಂದೆ ಕವಿ ಹುಟ್ಟಿದ ವರ್ಷ. ಬೇಂದ್ರೆಯವರು 1896ರಲ್ಲಿ ಹುಟ್ಟಿದ್ದರಿಂದ ಆ ಶತಮಾನದ ‘ಎಂ’ ಸೇರಿ ಎಂ96 ಆಗುತ್ತಾರೆ, 1904ರ ಕುವೆಂಪು ಎನ್04 ಆಗುತ್ತಾರೆ. ಹೀಗೆ ಒಂದು ಭಾನುವಾರ ಕುಳಿತು ನಮ್ಮ ಕಾವ್ಯದ ಕಪಾಟನ್ನೆಲ್ಲ ಕಾಗದದ ಮೇಲೆ ಜೋಡಿಸಿದೆ. ಕವಿಗಳು ಹುಟ್ಟಿದ ಕ್ರಮದಲ್ಲಿ ಸಾಲಾಗಿ ನಿಂತುಬಿಟ್ಟರು, ಕನ್ನಡ ಕಾವ್ಯದ ಚರಿತ್ರೆಯೇ ಕಪಾಟಿನಲ್ಲಿ ನಿಂತಂತೆ ಕಂಡಿತು. ವಚನಕಾರರ ಬಳಿ ಮಾತ್ರ ಕ್ರಮ ತಡವರಿಸಿತು. ಬಸವಣ್ಣನವರ ಜನನಕ್ಕೇ 1105 ಮತ್ತು 1131 ಎಂಬ ಎರಡು ಲೆಕ್ಕಗಳಿವೆ. ಇನ್ನು ಅನೇಕ ವಚನಕಾರ್ತಿಯರಿಗೆ ಹುಟ್ಟಿದ ವರ್ಷವೇ ಇಲ್ಲ. ಈ ತೊಡಕನ್ನೇ ನಾನು ವರ್ಗೀಕರಣ ಸಿದ್ಧಾಂತದ ಪತ್ರಿಕೆಯಲ್ಲಿ ಉದಾಹರಣೆಯಾಗಿ ಬರೆದೆ. ಗೈಡಿನಲ್ಲಿ ಇಲ್ಲದ ಉದಾಹರಣೆ ಬರೆದರೆ ಅಂಕ ಹೋಗುತ್ತದೆಂದು ಹೆದರಿಸಿದ್ದರು, ನನಗೆ ಆ ಪತ್ರಿಕೆಯಲ್ಲಿಯೇ ಎಪ್ಪತ್ತರ ಮೇಲೆ ಬಂದಿತ್ತು.

ಸಿದ್ಧಾಂತದ ಪತ್ರಿಕೆಗಳಿಗೆ ಪ್ರತಿ ಅಧ್ಯಾಯವನ್ನೂ ಓದಿ, ಪುಸ್ತಕ ಮುಚ್ಚಿ, ಕನ್ನಡದಲ್ಲಿ ಆರೇಳು ನಿಮಿಷ ಮೊಬೈಲಿಗೆ ಹೇಳಿ ಮುದ್ರಿಸಿಕೊಳ್ಳುತ್ತಿದ್ದೆ. ಮರುದಿನ ರೈಲಿನಲ್ಲಿ ಕೇಳುವಾಗ ಎಲ್ಲಿ ತೊದಲಿದ್ದೇನೋ ಅಲ್ಲಿಯೇ ನನಗೆ ವಿಷಯ ತಿಳಿದಿಲ್ಲವೆಂದು ಅರ್ಥ. ಓದಲು ಇ-ಪಿಜಿ ಪಾಠಶಾಲೆ ಜಾಲತಾಣದ ಉಚಿತ ಪಾಠಗಳೇ ಸಾಕಾದವು. ಇಂಗ್ಲಿಷ್ ಉತ್ತರವನ್ನು ಕೊನೆಯ ಆರು ವಾರಗಳಲ್ಲಿ ಮಾತ್ರ ಬರೆದು ಅಭ್ಯಾಸ ಮಾಡಿದೆ, ಸಣ್ಣ ವಾಕ್ಯಗಳಲ್ಲಿ. ಬ್ರಾಡ್‌ಫರ್ಡ್ 1934ರಲ್ಲಿ ಹೇಳಿದ ಲೇಖನಗಳ ಚದುರುವಿಕೆಯ ನಿಯಮ (ಒಂದು ವಿಷಯದ ಲೇಖನಗಳ ದೊಡ್ಡ ಪಾಲು ಕೆಲವೇ ನಿಯತಕಾಲಿಕೆಗಳಲ್ಲಿರುತ್ತದೆ ಎಂಬುದು) ಎಷ್ಟು ಹೇಳಿಕೊಂಡರೂ ನಾಲಿಗೆಗೆ ಹತ್ತಲಿಲ್ಲವಾದ್ದರಿಂದ, ನಮ್ಮ ವಾಚನಾಲಯದ ಹಳೆಯ ಸಂಚಿಕೆಗಳಲ್ಲಿ ಸಹಕಾರ ಸಂಘಗಳ ಕುರಿತ ಲೇಖನಗಳನ್ನು ಎಣಿಸಿದೆ. ಸುಮಾರು 26 ನಿಯತಕಾಲಿಕೆಗಳಲ್ಲಿ 120 ಲೇಖನಗಳು ಸಿಕ್ಕವು, ಅವುಗಳಲ್ಲಿ ಅರ್ಧದ ಹತ್ತಿರ ನಾಲ್ಕೇ ನಿಯತಕಾಲಿಕೆಗಳಲ್ಲಿದ್ದವು. ಮೂರು ಶನಿವಾರಗಳು ಹೋದವು, ನಿಯಮ ಮಾತ್ರ ಮತ್ತೆ ಮರೆಯಲಿಲ್ಲ.

ಪ್ರಬಂಧದ ವಿಷಯದಲ್ಲಿ ನಾನು ಏಳು ತಿಂಗಳು ಹಾಳು ಮಾಡಿಕೊಂಡೆ. ಎಲ್ಲರೂ ಮಾಡುವಂತೆ ಓದುಗರ ತೃಪ್ತಿಯ ಮೇಲೆ ಪ್ರಶ್ನಾವಳಿ ಮಾಡಿ, 1,800 ರೂಪಾಯಿ ಕೊಟ್ಟು ಮುದ್ರಿಸಿ, 250 ಪ್ರತಿ ಹಂಚಿದೆ. ಬಂದದ್ದು ತೊಂಬತ್ತರಷ್ಟು, ಅವುಗಳಲ್ಲಿ ಬಹಳಷ್ಟು ಒಂದೇ ಪೆನ್ನಿನಲ್ಲಿ, ಒಂದೇ ಸಾಲಿನಲ್ಲಿ ಟಿಕ್ ಹಾಕಿದವು. ಆ ಅಂಕಿಗಳ ಮೇಲೆ ಕೈ-ವರ್ಗ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡಿ ಪುಟ ತುಂಬಿಸಬಹುದಿತ್ತು, ಮಾರ್ಗದರ್ಶಕರೂ ಬೇಡವೆನ್ನುತ್ತಿರಲಿಲ್ಲ. ನನಗೆ ಮನಸ್ಸು ಬರಲಿಲ್ಲ, ಎಲ್ಲವನ್ನೂ ಕಟ್ಟಿ ಮೇಲಿಟ್ಟೆ.

ಅದೇ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ನಮ್ಮ ಗ್ರಂಥಾಲಯದ ತಂತ್ರಾಂಶವಾದ ಕೋಹಾದಲ್ಲಿ ಕನ್ನಡದಲ್ಲಿ ಹುಡುಕಿ, ಪುಸ್ತಕವಿಲ್ಲವೆಂದು ಹಿಂದಿರುಗುತ್ತಿದ್ದಳು. ಪುಸ್ತಕ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿಯೇ ಇತ್ತು. ಓದುಗರ ಸಮಯ ಉಳಿಸಬೇಕೆಂಬ ರಂಗನಾಥನ್ ಅವರ ನಾಲ್ಕನೆಯ ಸೂತ್ರವನ್ನು ಪರೀಕ್ಷೆಗೆ ಬರೆಯುವ ನಾನು ಅದನ್ನು ನನ್ನ ಮೇಜಿನ ಮುಂದೆಯೇ ಮುರಿಯುತ್ತಿದ್ದೇನೆಂದು ನಾಚಿಕೆಯಾಯಿತು. ‘ಕಾಲೇಜು ಸೂಚಿಯಲ್ಲಿ ಕನ್ನಡ ಪುಸ್ತಕ ಏಕೆ ಸಿಗುವುದಿಲ್ಲ’ ಎಂಬುದನ್ನೇ ಪ್ರಬಂಧವಾಗಿಸಿದೆ. ಎಸ್.ಪಿ. ರಸ್ತೆಯಲ್ಲಿ 13,500 ರೂಪಾಯಿಗೆ ಹಳೆಯ ಲ್ಯಾಪ್‌ಟಾಪ್ ಕೊಂಡು, ಅದರಲ್ಲಿ ಉಬುಂಟು ಮತ್ತು ಕೋಹಾ ಹಾಕಿ, ನಮ್ಮ ಸುಮಾರು 1,100 ಕನ್ನಡ ದಾಖಲೆಗಳ ಪ್ರತಿಯನ್ನು ಅದಕ್ಕೆ ತುಂಬಿದೆ. ಕಾಲೇಜಿನ ಸರ್ವರನ್ನು ಮುಟ್ಟದೆ ಪ್ರಯೋಗ ಮಾಡಿದ್ದರಿಂದ ಯಾರ ಅನುಮತಿಗೂ ಅಲೆಯಬೇಕಾಗಲಿಲ್ಲ.

ರೋಗಗಳು ಒಂದೊಂದಾಗಿ ಹೊರಬಂದವು. ಮೊದಲನೆಯದು, ಕೋಹಾದಲ್ಲಿ ಹುಡುಕಾಟಕ್ಕೆಂದು ಪದಗಳನ್ನು ಪಟ್ಟಿ ಮಾಡಿಡುವ ಜೀಬ್ರಾ ಸೂಚಿ ರೋಮನ್ ಲಿಪಿಗೆ ಹೊಂದಿದ ಕ್ರಮದಲ್ಲಿಯೇ ಇತ್ತು. ಅದನ್ನು ಹಲವು ಲಿಪಿಗಳನ್ನು ಗುರುತಿಸುವ ಐಸಿಯು ಕ್ರಮಕ್ಕೆ ಬದಲಿಸಿ ಇಡೀ ಸೂಚಿಯನ್ನು ಮೊದಲಿನಿಂದ ಕಟ್ಟಿಸಿದ ಸಂಜೆಯೇ, ಅದುವರೆಗೆ ಏನೂ ಸಿಗದಿದ್ದ ಪದಗಳಿಗೆ ಪುಸ್ತಕಗಳು ಸಿಗತೊಡಗಿದವು. ಮೂರು ಬಾರಿ ನಾನು ಬದಲಾವಣೆ ಮಾಡಿ ಮರುಸೂಚಿ ಮಾಡದೆಯೇ ಪರೀಕ್ಷಿಸಿ, ಏನೂ ಆಗಲಿಲ್ಲವೆಂದು ಹಳೆಯದಕ್ಕೆ ಹಿಂದಿರುಗಿಸಿದ್ದೆ. ಎರಡು ವಾರ ಹೋದದ್ದು ಆ ಒಂದು ತಪ್ಪಿನಿಂದ. ಎರಡನೆಯದು, ದಾಖಲೆಯಲ್ಲಿ ಶೀರ್ಷಿಕೆಗೆಂದಿರುವ 245ನೇ ಕ್ಷೇತ್ರದಲ್ಲಿ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ತುಂಬಿದವರು ದೀರ್ಘಸ್ವರಕ್ಕೆ ಒಬ್ಬರು ಒಂದಕ್ಷರ, ಇನ್ನೊಬ್ಬರು ಎರಡಕ್ಷರ ಹಾಕಿದ್ದರು. ಕನ್ನಡ ಲಿಪಿಯ ಶೀರ್ಷಿಕೆಯನ್ನು ಬೇರೆ ಲಿಪಿಗೆಂದಿರುವ 880ನೇ ಕ್ಷೇತ್ರದಲ್ಲಿ ಜೋಡಿಸುತ್ತ ಹೋದೆ. ಮೂರನೆಯದು, ಹಳೆಯ ಪಟ್ಟಿಗಳೆಲ್ಲ ಯೂನಿಕೋಡ್ ಅಲ್ಲದ, ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿದ್ದವು. ಪರಿವರ್ತಿಸಿದಾಗ ಅರ್ಕಾವೊತ್ತು ಜಾಗ ತಪ್ಪಿ ‘ಧರ್ಮ’ದಂತಹ ಪದಗಳು ಕೆಟ್ಟವು. ಅದಕ್ಕಿಂತ ಕಷ್ಟವಾದದ್ದು ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಗಳು. ಪರದೆಯ ಮೇಲೆ ಎರಡು ಪದಗಳು ಒಂದೇ ಆಗಿ ಕಂಡರೂ ಯಂತ್ರಕ್ಕೆ ಬೇರೆ ಬೇರೆ. ಅವುಗಳನ್ನು ಒಮ್ಮೆಗೇ ಹೆಕ್ಕಿ ತೆಗೆಯಲು ನಾನು ಮಾಡಿಕೊಂಡ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಒಂದು ಇಡೀ ದಸರಾ ರಜೆ ಖರ್ಚಾಗಿದೆ.

ನಾಲ್ಕನೆಯದು ಹೆಸರುಗಳು. ಕುವೆಂಪು ಒಂದು ಕಡೆ, ಕೆ.ವಿ. ಪುಟ್ಟಪ್ಪ ಇನ್ನೊಂದು ಕಡೆ, ರೋಮನ್ ಲಿಪಿಯ ಪುಟ್ಟಪ್ಪ ಮತ್ತೊಂದು ಕಡೆ ಇದ್ದರು. ಅಧಿಕೃತ ರೂಪವನ್ನು 100ನೇ ಕ್ಷೇತ್ರದಲ್ಲಿ, ಉಳಿದವನ್ನು 400ನೇ ಕ್ಷೇತ್ರದಲ್ಲಿ ಇಟ್ಟು ಸುಮಾರು 160 ಲೇಖಕರ ದಾಖಲೆಗಳನ್ನು ಕಟ್ಟಿದೆ. ಕಾವ್ಯನಾಮವನ್ನು ಮುಂದಿಡಬೇಕೋ, ಹೆಸರನ್ನೋ ಎಂಬುದರಲ್ಲಿ ಮಾರ್ಗದರ್ಶಕರಿಗೂ ನನಗೂ ಭಿನ್ನಾಭಿಪ್ರಾಯವಿತ್ತು. ಮುಖಪುಟದಲ್ಲಿ ಓದುಗ ಏನು ನೋಡುತ್ತಾನೋ ಅದೇ ಮುಂದಿರಲಿ ಎಂಬ ನನ್ನ ನಿಲುವನ್ನು ಮೌಖಿಕ ಪರೀಕ್ಷೆಯಲ್ಲಿಯೂ ಬಿಡಲಿಲ್ಲ. ಆರಿಸಿಕೊಂಡ ನೂರು ಕನ್ನಡ ಶೋಧಗಳಲ್ಲಿ ಮೊದಲು ಮೂವತ್ತರಷ್ಟು ಮಾತ್ರ ಫಲಿಸುತ್ತಿದ್ದವು, ಕೊನೆಗೆ ಎಂಬತ್ತೈದರ ಮೇಲೆ ಬಂದವು. ಮುದ್ರಣ ಮತ್ತು ಬೈಂಡಿಂಗಿಗೆ ಸುಮಾರು 4,000 ಆಯಿತು. ಮರುಪರೀಕ್ಷೆಯ ಶುಲ್ಕವೂ ಸೇರಿ ಎಲ್ಲ ಕೂಡಿಸಿದರೆ 75,000ದ ಹತ್ತಿರ. ತರಬೇತಿ, ಗೈಡು, ಪ್ರಶ್ನಾವಳಿ ಬಿಟ್ಟಿದ್ದರೆ ಅರವತ್ತೆರಡರ ಒಳಗೇ ಮುಗಿಯುತ್ತಿತ್ತು.

ಕೆ-ಸೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡನೆಯ ಪತ್ರಿಕೆಯ ನೂರು ಪ್ರಶ್ನೆಗಳಿಗೆ ಲೆಡ್ಜರೇ ಸಾಕಾಯಿತು, ಮೊದಲ ಪತ್ರಿಕೆಯ ತಾರ್ಕಿಕ ಪ್ರಶ್ನೆಗಳಿಂದ ಒಮ್ಮೆ ಹೋಯಿತು, ಎರಡನೆಯ ಬಾರಿ ದಾಟಿದೆ.

ಈಗ ನಮ್ಮ ಕಾಲೇಜಿನ ಸರ್ವರಿನಲ್ಲಿಯೂ ಐಸಿಯು ಇದೆ, ನುಡಿಯಿಂದ ಬಂದ ಮುನ್ನೂರರಷ್ಟು ದಾಖಲೆಗಳು ಇನ್ನೂ ತಿದ್ದಬೇಕಾಗಿ ಉಳಿದಿವೆ. ಬೇರೆ ಕಾಲೇಜಿನ ಇಬ್ಬರು ಸಹಾಯಕಿಯರು ಶನಿವಾರ ಮೂರು ಗಂಟೆಯ ನಂತರ ಬಂದು ಟ್ರಾಲಿಯಿಂದ ಐದೈದು ಪುಸ್ತಕ ಎತ್ತಿಕೊಳ್ಳುತ್ತಾರೆ. ಅಟೆಂಡರ್ ಅಣ್ಣ ಈಗ ಅವರ ಪುಸ್ತಕಗಳಿಗೂ ಪಟ್ಟಿ ಸುತ್ತುತ್ತಾರೆ. ಬರುವವರಿಗೆ ನನ್ನ ಲೆಡ್ಜರನ್ನೂ ನೋಡಲು ಕೊಡುತ್ತೇನೆ, ಪರೀಕ್ಷೆಯ ಮೇಜಿನ ಮೇಲೆ ಯಾವ ಸಂಪುಟವನ್ನು ಯಾವಾಗ ತೆರೆಯಬೇಕೆಂದು ಬರೆದಿಟ್ಟ ಕೊನೆಯ ನಾಲ್ಕು ಪುಟಗಳನ್ನು ಬಿಟ್ಟು.